ಅ ದಿಂದ ಳ ವರೆಗೆ ಎಲ್ಲರೂ ಬರಬೇಕು

ಜನರನ್ನು ಕರೆಯುವುದು ಒಂದು ವಿದ್ಯೆ. ಆ ವಿದ್ಯೆ ನನಗೆ ಒಲಿಯಲಿಲ್ಲ. ಈಜು, ಸೈಕಲ್ಲು, ಇಸ್ಪೀಟು ಇವೆಲ್ಲ ತಡವಾಗಿಯಾದರೂ ಬಂದವು. ಕರೆಯುವುದು ಮಾತ್ರ ಬರಲಿಲ್ಲ. ನಮ್ಮ ಕಡೆ ಒಂದು ಮನೆಗೆ ಕರೆಯಲು ಹೋದರೆ ಮೊದಲು ಜಗಲಿಯ ಮೇಲೆ ಕೂರಬೇಕು. ಬೆಲ್ಲ ನೀರು ಕುಡಿಯಬೇಕು. ದನ ಕರು, ಗದ್ದೆ, ಮೊಣಕಾಲು ನೋವು, ಎಲ್ಲವನ್ನೂ ವಿಚಾರಿಸಬೇಕು. ಕೊನೆಗೆ ಎದ್ದು ಹೊರಡುವಾಗ, ಈಗ ತಾನೇ ನೆನಪಾಯಿತು ಎಂಬ ಹಾಗೆ, “ಹಾಂ, ನಮ್ಮಲ್ಲೊಂದು ಸಣ್ಣ ಕಾರ್ಯ ಇದೆ, ಮನೆಗೆ ಬೀಗ ಹಾಕ್ಕೊಂಡು ಎಲ್ರೂ ಬರ್ಬೇಕು” ಎನ್ನಬೇಕು. ನಾನೋ, ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ವಿಷಯ ಹೇಳಿಬಿಡುತ್ತೇನೆ. ಹೇಳಿದ ಮೇಲೆ ಕೂರುವುದಕ್ಕೆ ಕಾರಣ ಉಳಿಯುವುದಿಲ್ಲ. ನಿಂತೇ ಹೊರಟು ಬರುತ್ತೇನೆ. ಅವರಿಗೆ ಕೋರ್ಟಿನಿಂದ ಸಮನ್ಸು ಬಂದ ಹಾಗಾಗಿರುತ್ತದೆ.

ಈ ಅಜ್ಞಾನದ ಫಲವನ್ನು ನಾನು ಉಂಡದ್ದು ಸಾಗರದಲ್ಲಿ ಪುಟ್ಟ ಮನೆ ಕಟ್ಟಿ ಒಕ್ಕಲು, ಅಂದರೆ ಗೃಹಪ್ರವೇಶ, ಮಾಡಿದಾಗ. ಓಡಾಟದ ಗಡಿಬಿಡಿಯಲ್ಲಿ ಹೊಸನಗರದಾಚೆಯ ಮಾವನವರಿಗೆ ಕರೆಯೋಲೆಯನ್ನು ಅಂಚೆಯಲ್ಲಿ ಹಾಕಿದೆ. ಹೆಂಡತಿ ಸರೋಜ, “ನೀವೇ ಹೋಗಿ ಬನ್ನಿ, ಅಪ್ಪಯ್ಯಂಗೆ ಕಾಗದ ಹಾಕ್ಬೇಡಿ” ಎಂದು ಬಡಕೊಂಡಳು. ಕೇಳಿದೆನೆ? ಇಲ್ಲ. ಮಾವ ಹಿರಿಯಣ್ಣ ಗೌಡರು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಊರವರು ಕೇಳಿದ್ದಕ್ಕೆ, “ನನ್ನ ಕರೆದಿದ್ದು ಪೋಸ್ಟಿನವ. ಪೋಸ್ಟಿನವನ ಮನೇಲಿ ಕಾರ್ಯ ಆದ್ರೆ ಹೋಗ್ತೀನಿ” ಎಂದರಂತೆ. ಅಂದಿನಿಂದ ಅವರು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಹಾಗೆಂದು ಮಗಳ ಮೇಲೆ ಸಿಟ್ಟಿಲ್ಲ. ಸಾಗರಕ್ಕೆ ಏನಾದರೂ ಕೆಲಸಕ್ಕೆ ಬಂದರೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಯಾರ ಕೈಯಲ್ಲಾದರೂ ಹೇಳಿ ಕಳಿಸುವರು. ಸರೋಜ ಟಿಫಿನ್ ಕ್ಯಾರಿಯರ್ ಹಿಡಿದು ಓಡುವಳು. ಶಿವಮೊಗ್ಗ ಬಸ್ಸಿನ ಹೊಗೆಯಲ್ಲಿ ಅಪ್ಪ ಮಗಳು ಕೂತು ಕಡುಬು ಪಲ್ಯ ತಿನ್ನುವರು. ನಾನು ದೂರದಲ್ಲಿ ಪೇಪರ್ ಅಂಗಡಿಯ ಮರೆಯಲ್ಲಿ ನಿಂತಿರುವೆ. ಬೇರೆ ಯಾರ ಮನೆಯ ಜಗಳದಲ್ಲೂ ಇಷ್ಟೊಂದು ಪಲ್ಯ ಖರ್ಚಾಗಿರಲಾರದು. ಆದರೆ ಪಕ್ಕದ ಮನೆಯವಳ ಅಪ್ಪ ಬಂದು ಜಗಲಿಯಲ್ಲಿ ಕಾಲು ಚಾಚಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಾಗ ಸರೋಜ ಬೇಲಿಯ ಮೇಲಿಂದ ನೋಡುತ್ತಿದ್ದಳಲ್ಲ, ಆ ನೋಟವನ್ನು ತಮಾಷೆ ಮಾಡಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. 

ಹೀಗಿರುವಾಗ ನಾನು ಕೆಲಸಕ್ಕಿದ್ದ ಸಹಕಾರ ಸಂಘಕ್ಕೆ ಬೆಳ್ಳಿಹಬ್ಬ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ನಮ್ಮ ಸದಸ್ಯರಿದ್ದರು. ಗೊಬ್ಬರ, ಸೀಮೆಎಣ್ಣೆ, ಹಾರೆ ಪಿಕಾಸಿ ಕೊಟ್ಟು ಕಟ್ಟಿದ ಸಂಘ. ಮಾವನವರೂ ಹಳೆಯ ಸದಸ್ಯರು. ಸರೋಜನ ಕಣ್ಣು ಬೆಳಗಿತು. “ಅಪ್ಪಯ್ಯ ಹಬ್ಬಕ್ಕೆ ಬಂದೇ ಬರ್ತಾರೆ ಕಣ್ರೀ. ಊಟ ಮುಗಿದ ಮೇಲೆ ಸಂಜೆವರೆಗೆ ಬಸ್ಸಿಲ್ಲ. ಆ ಬಿಸಿಲಲ್ಲಿ ಎಲ್ಲಿ ಹೋಗ್ತಾರೆ? ಕೈ ಹಿಡ್ಕೊಂಡು ಮನೆಗೆ ಎಳ್ಕೊಂಡು ಬರ್ತೀನಿ. ಸಂಘದ ಕಾಗದ ಒಂದು ಸರಿಯಾಗಿ ಹೋಗ್ಲಿ ಸಾಕು.” ಸಂಘದ ಕಾಗದಕ್ಕೆ ಮಾವನವರ ಅಡ್ಡಿಯಿರಲಿಲ್ಲ. ಸಂಘಕ್ಕೆ ಕಾಲಿಲ್ಲ, ಅದು ಕಾಗದದಲ್ಲೇ ಕರೆಯಬೇಕು, ಅಳಿಯನಿಗೆ ಎರಡು ಕಾಲಿದೆ ಎಂಬುದು ಅವರ ಶಾಸ್ತ್ರ.

ಇಲ್ಲಿ ಕಂಪ್ಯೂಟರಿನ ವಿಷಯ ಹೇಳಬೇಕು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಅಧ್ಯಕ್ಷ ಗಣಪತಿ ಹೆಗಡೆಯವರು ಎಲ್ಲಿಯೋ ಕಂಡು ಮನಸೋತು ಕನ್ನಡ ಬರುವ ಕಂಪ್ಯೂಟರೊಂದನ್ನು ತರಿಸಿದ್ದರು. ಅದಕ್ಕೊಂದು ಪ್ರತ್ಯೇಕ ಕೋಣೆ, ನೆಲಕ್ಕೆ ಜಮಖಾನ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮೊದಲ ದಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು, ಮಂಗಳಾರತಿ ಮಾಡಿದೆವು. ಸದಸ್ಯರು ಸೀಮೆಎಣ್ಣೆಗೆ ಬಂದವರು ಕಿಟಕಿಯಿಂದ ಇಣುಕಿ ಕೈ ಮುಗಿದು ಹೋಗುತ್ತಿದ್ದರು. ಕನ್ನಡ ಟೈಪಿಂಗ್ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ತರಬೇತಿಗೆ ಕಳಿಸಿದರು.

ತರಬೇತಿಯಲ್ಲಿ ಪಾಠ ಹೇಳಿದವನು ಮಾತಾಡುವುದರಲ್ಲಿ ಎಕ್ಸ್‌ಪ್ರೆಸ್ ಬಸ್ಸು. ಎಲ್ಲೂ ನಿಲ್ಲಿಸುತ್ತಿರಲಿಲ್ಲ. ನಾನು ಬರೆದುಕೊಳ್ಳುವಷ್ಟರಲ್ಲಿ ಅವನು ಇನ್ನೊಂದು ಊರು ದಾಟಿರುತ್ತಿದ್ದ. ಎಲ್ಲವೂ ಗೋಜಲು. ಕೊನೆಗೆ ಒಂದೇ ಒಂದು ಸಂಗತಿ ನನ್ನ ತಲೆಗೆ ಹೊಕ್ಕಿತು, ಅದು ಚೌಕ ಕಂಸ. ಚೌಕ ಕಂಸದೊಳಗೆ ಒಂದು ಅಕ್ಷರ ಹಾಕಬೇಕು, ಸಣ್ಣ ಅಡ್ಡಗೆರೆ ಎಳೆಯಬೇಕು, ಇನ್ನೊಂದು ಅಕ್ಷರ ಹಾಕಬೇಕು. ಅಷ್ಟು ಮಾಡಿದರೆ ಆ ಅಕ್ಷರದಿಂದ ಈ ಅಕ್ಷರದವರೆಗೆ ನಡುವೆ ಯಾವ ಅಕ್ಷರದಿಂದ ಹೆಸರು ಶುರುವಾದರೂ ಸರಿ, ಅವರನ್ನೆಲ್ಲ ಯಂತ್ರವೇ ಆರಿಸಿ ತರುತ್ತದೆ. ಕರೆಯಲು ಬಾರದವನಿಗೆ ದೇವರು ಕರೆಯುವ ಯಂತ್ರವನ್ನೇ ಕೊಟ್ಟನಲ್ಲ ಎನಿಸಿತು.

ಊರಿಗೆ ಬಂದು ಸದಸ್ಯರ ಹೆಸರನ್ನೆಲ್ಲ ಯಂತ್ರಕ್ಕೆ ಉಣಿಸಿದೆ. ತೀರಿಕೊಂಡವರ ಹೆಸರಿನ ಮುಂದೆ ಒಂದು ನಕ್ಷತ್ರ ಹಾಕಿದೆ. ಸಂಘದ ಮಟ್ಟಿಗೆ ಅದು ಸ್ವರ್ಗಪ್ರಾಪ್ತಿಯ ಗುರುತು. ಅಲ್ಲಲ್ಲಿ ಯಂತ್ರ ಕನ್ನಡ ಬಿಟ್ಟು ಇಂಗ್ಲಿಷಿಗೆ ಜಾರಿದ್ದು ನನಗೆ ತಿಳಿಯದೆ, ತಿಮ್ಮಪ್ಪ ಎಂದು ಒತ್ತಿದ್ದು ಯಾವುದೋ ರಾಕ್ಷಸನ ಹೆಸರಾಗಿ ಕೂತಿತ್ತು. ಅಂಥವನ್ನು ಮತ್ತೆ ಕನ್ನಡದಲ್ಲಿ ಒತ್ತಿದೆನಾದರೂ ರಾಕ್ಷಸರನ್ನು ಅಳಿಸುವುದು ಹೇಗೆಂದು ಗೊತ್ತಾಗಲಿಲ್ಲ. ಬೆಳ್ಳಿಹಬ್ಬದ ಕರೆಯೋಲೆಗೆ ವಿಳಾಸ ಅಚ್ಚುಮಾಡುವಾಗ ನಕ್ಷತ್ರದವರೂ ರಾಕ್ಷಸರೂ ಬರಬಾರದು, ಕನ್ನಡ ಅಕ್ಷರದಿಂದ ಶುರುವಾಗುವವರು ಮಾತ್ರ ಬರಬೇಕು. ಅದಕ್ಕೆ ಇದೆಯಲ್ಲ ಚೌಕ ಕಂಸ! ಮೊದಲ ಅಕ್ಷರ ಅ. ಅದರಲ್ಲಿ ಅನುಮಾನವಿಲ್ಲ. ಕೊನೆಯ ಅಕ್ಷರ? ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿ ಸ್ಲೇಟು ಎತ್ತಿ ಮನೆಗೆ ಓಡುತ್ತಿದ್ದದ್ದು ಎಲ್ಲಿಗೆ ಮುಗಿದ ಮೇಲೆ? ‘ಯ ರ ಲ ವ ಶ ಷ ಸ ಹ ಳ’. ಕನ್ನಡ ನಾಡಿನಲ್ಲಿ ಹುಟ್ಟಿದ ಯಾರನ್ನು ಬೇಕಾದರೂ ಎಬ್ಬಿಸಿ ಕೇಳಿ, ಕೊನೆಯ ಅಕ್ಷರ ಳ. ನಾನು ಅ ಹಾಕಿದೆ, ಗೆರೆ ಎಳೆದೆ, ಳ ಹಾಕಿದೆ, ಕಂಸ ಮುಚ್ಚಿದೆ. ಪ್ರಿಂಟರು ಕಿರ್ರೋ ಎಂದು ಅರಚಿಕೊಂಡು ಮಾರುದ್ದ ಕಾಗದ ಉಗುಳಿತು. ಅಟೆಂಡರು ಕತ್ತರಿಸಿ ಅಂಟಿಸಿದ. ಅಂಚೆಗೆ ಹೊರಟ ಮೂಟೆ ನೋಡಿ ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು.

“ಅಪ್ಪಯ್ಯನ ಹೆಸರು ಇದ್ದಿದ್ದು ನೀವು ಕಣ್ಣಾರೆ ನೋಡಿದ್ರಾ?” ಎಂದು ಸರೋಜ ಆ ಸಂಜೆ ಕೇಳಿದಳು.

“ಯಂತ್ರ ಕಣೆ ಅದು. ಸತ್ತವರನ್ನ ಬಿಟ್ಟು ಒಬ್ಬರನ್ನೂ ಬಿಡಲ್ಲ” ಎಂದೆ.

ವಾರ ಕಳೆಯುವುದರೊಳಗೆ ಶುರುವಾಯಿತು. ಮೊದಲು ಬಂದವರು ಪೇಟೆಯ ಶಿವಪ್ಪ. ತನಗೆ ಕರೆಯೋಲೆ ಬಂದಿಲ್ಲ, ಹೋದ ಚುನಾವಣೆಯಲ್ಲಿ ತಾನು ಎದುರು ಗುಂಪಿಗೆ ವೋಟು ಹಾಕಿದ್ದಕ್ಕೆ ಈ ಸೇಡು ಎಂದರು. ತೀರ್ಥಹಳ್ಳಿ ಕಡೆಯ ವೆಂಕಪ್ಪನವರು, ಸಾಗರದವರಿಗೆ ಮೊದಲಿನಿಂದಲೂ ತೀರ್ಥಹಳ್ಳಿ ಕಂಡರಾಗುವುದಿಲ್ಲ ಎಂದರು. ಆದರೆ ಅವರ ಪಕ್ಕದ ಮನೆಯ ಕೃಷ್ಣಪ್ಪನಿಗೆ ಹೋಗಿತ್ತು. ವರದಹಳ್ಳಿ ಸುತ್ತಿನಿಂದ ಶ್ರೀಧರ ಬಂದ, ಇನ್ನೊಬ್ಬ ಶ್ರೀಧರ ಬಂದ, ಆಮೇಲೆ ಶ್ರೀಧರಮೂರ್ತಿ ಬಂದ. ಅಲ್ಲಿನ ಶ್ರೀಧರ ಗುರುಗಳ ಆಶ್ರಮಕ್ಕೆ ಹರಕೆ ಹೊತ್ತು ಹಡೆದ ಗಂಡುಮಕ್ಕಳಿಗೆಲ್ಲ ಆ ಸುತ್ತಿನಲ್ಲಿ ಅದೇ ಹೆಸರು. ಗುರುಗಳ ಭಕ್ತರನ್ನು ಬೇಕೆಂದೇ ಬಿಟ್ಟಿದ್ದೀರಿ ಎಂದು ಅವರ ವಾದ. ಎಲ್ಲಕ್ಕಿಂತ ಘೋರವಾದದ್ದು ಸುಬ್ಬಣ್ಣ ನಾಗಣ್ಣ ಅಣ್ಣತಮ್ಮಂದಿರದ್ದು. ಒಂದೇ ಮನೆ, ಒಂದೇ ಒಲೆ. ತಮ್ಮ ನಾಗಣ್ಣನಿಗೆ ಬಂದಿತ್ತು, ಅಣ್ಣ ಸುಬ್ಬಣ್ಣನಿಗೆ ಬಂದಿರಲಿಲ್ಲ. ತಮ್ಮನೇ ಒಳಗಿಂದೊಳಗೆ ಮಾಡಿಸಿದ್ದು ಎಂದು ಅತ್ತಿಗೆ ಬೇರೆ ಅಡಿಗೆ ಶುರು ಮಾಡಿದ್ದಳು.

ನನಗೆ ತಲೆಬುಡ ತಿಳಿಯಲಿಲ್ಲ. ಜಾತಿ ಎನ್ನೋಣವೆಂದರೆ ಎಲ್ಲ ಜಾತಿಯವರೂ ಇದ್ದರು. ತಾಲೂಕು ಎನ್ನೋಣವೆಂದರೆ ಮೂರೂ ತಾಲೂಕಿನವರು. ಅಂಚೆಯವರನ್ನು ಕೇಳಲು ಹೋಗಿ ಬೈಸಿಕೊಂಡು ಬಂದೆ. ಯಂತ್ರದ ಕೋಣೆಗೆ ಹೋಗಿ ಒಬ್ಬೊಬ್ಬರನ್ನೇ ಹುಡುಕಿದರೆ ಶಿವಪ್ಪ ಇದ್ದಾರೆ, ವೆಂಕಪ್ಪ ಇದ್ದಾರೆ, ಯಾರ ಮುಂದೂ ನಕ್ಷತ್ರವಿಲ್ಲ. ಕಂಸ ಹಾಕಿ ಎಲ್ಲರೂ ಬನ್ನಿ ಎಂದರೆ ಮಾತ್ರ ಅವರು ಬರುವುದಿಲ್ಲ. ನನ್ನ ಹಿಂದೆ ನಿಂತು ನೋಡುತ್ತಿದ್ದ ನಮ್ಮ ಕಾರ್ಯದರ್ಶಿ ವೆಂಕಟರಮಣ ಭಟ್ಟರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಮೇಲಿನಿಂದ ಕೆಳಗೆ ಓದಿದರು. ಗಾಬರಿಯಾದಾಗ ಅವರಿಗೆ ಮನೆಮಾತೇ ಬರುವುದು. “ಇದೆಂತ ಮಾರಾಯ? ಇದ್ರಲ್ಲಿ ನನ್ನ ಹೆಸ್ರೇ ಇಲ್ಲೆ! ನಾನು ಬದುಕಿದ್ದು ಹೌದೋ ಅಲ್ದೋ?” ಎಂದು ಕೇಳಿ ಹೊರಗೆ ಹೋಗಿ ಒಂದು ಲೋಟ ನೀರು ಕುಡಿದರು. ಆಗ ನನಗೆ ಮಾವನವರ ನೆನಪಾಯಿತು. ಹಿರಿಯಣ್ಣ ಎಂದು ಹುಡುಕಿದೆ. ಮಾವನವರು ಯಂತ್ರದೊಳಗೆ ಕ್ಷೇಮವಾಗಿದ್ದರು. ಕಂಸದ ಪಟ್ಟಿಗೆ ಮಾತ್ರ ಬಂದಿರಲಿಲ್ಲ, ಅಂಚೆಗೂ ಹೋಗಿರಲಿಲ್ಲ.

ಅಂದು ಮನೆಗೆ ಹೇಗೆ ಹೋದೆನೋ! ಹೇಳಲೋ ಬೇಡವೋ ಎಂದು ಜಗಲಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಸರೋಜ ಅಪ್ಪಯ್ಯನಿಗೆಂದು ಹೊಸ ಚಾಪೆ ತಂದು ಬಿಸಿಲಿಗೆ ಹಾಕಿದ್ದಳು. ಅದನ್ನು ನೋಡಿ ಇನ್ನಷ್ಟು ಬೇಸರವಾಯಿತು. ಅಷ್ಟರಲ್ಲಿ ಬೇಲಿಬಾಗಿಲ ದಣಪೆಯ ಹತ್ತಿರ ಗದ್ದಲ ಕೇಳಿಸಿತು. ನೋಡುತ್ತೇನೆ, ಒಂದು ದಂಡೇ ಬರುತ್ತಿದೆ. ಶಿವಪ್ಪ, ವೆಂಕಪ್ಪ, ಶ್ರೀಧರರು, ಸುಬ್ಬಣ್ಣ, ಕುಪ್ಪಳ್ಳಿ ಕಡೆಯ ಷಣ್ಮುಖಪ್ಪ. ಬಸ್ಸಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ಸಿಕ್ಕಿ, ತಮ್ಮ ತಮ್ಮ ಅವಮಾನ ಹೇಳಿಕೊಂಡು ಒಂದಾದವರು. ಎಲ್ಲರಿಗಿಂತ ಮುಂದೆ ಕೊಡೆಯನ್ನು ಈಟಿಯಂತೆ ಹಿಡಿದು ಮಾವನವರು!

“ಏನ್ರೀ ಅಳಿಯಂದ್ರೆ,” ಎಂದು ಅಂಗಳದಿಂದಲೇ ಕೂಗಿದರು. “ಅವತ್ತು ಪೋಸ್ಟಲ್ಲಿ ಕರೆದ್ರಿ. ಇವತ್ತು ಪೋಸ್ಟಲ್ಲೂ ಬೇಡ ಅಂತ ಮಾಡಿದ್ರಾ? ಪಕ್ಕದ ಮನೆ ನಾಗಪ್ಪ, ಸಂಘಕ್ಕೆ ನಿನ್ನೆ ಮೊನ್ನೆ ಸೇರಿದವ, ಅವನು ನನ್ನ ಅಂಗಳದಾಗೆ ಕಾಗದ ಬೀಸ್ಕೊಂಡು ಓಡಾಡ್ತಾನೆ. ನಾನೆಂಥ ಸತ್ತು ಹೋಗಿದ್ನಾ?” ಎಂದವರೇ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ಬೈಯುತ್ತ ಬೈಯುತ್ತಲೇ ಹೊಸ್ತಿಲು ದಾಟಿ ಒಳಗೆ ಬಂದು ಹೊಸ ಚಾಪೆ ಇನ್ನೂ ಬಿಸಿಲಿನಲ್ಲೇ ಇದ್ದುದರಿಂದ ಬರಿನೆಲದ ಮೇಲೆ ಕೂತುಬಿಟ್ಟರು.

ಅಡಿಗೆಮನೆಯ ಬಾಗಿಲಲ್ಲಿ ಸರೋಜ ನಿಂತಿದ್ದಳು. ಅಪ್ಪಯ್ಯ ಹೊಸ್ತಿಲು ದಾಟಿದ್ದು ಅಪ್ಪಯ್ಯನಿಗೇ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಾಗಿತ್ತು. ನನ್ನ ಕಡೆ ತಿರುಗಿ, ಮಾತಾಡಬೇಡಿ, ನೆನಪು ಮಾಡಬೇಡಿ ಎಂದು ಕೈಸನ್ನೆ ಮಾಡಿದಳು. ಅವಳ ಕಣ್ಣು ತುಂಬಿತ್ತು. ಓಡಿಹೋಗಿ ಚಾಪೆ ತಂದು ಹಾಸಿದಳು, ಬೆಲ್ಲ ನೀರು ತಂದಿಟ್ಟಳು, ಕಾಫಿಗೆ ಎಸರಿಟ್ಟಳು. ನಾನು ಬೈಸಿಕೊಳ್ಳುತ್ತಾ ನಿಂತಿದ್ದೆ. ನಿಜ ಹೇಳುತ್ತೇನೆ, ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

“ಹೇಳ್ರೋ ಎಲ್ರೂ ನಿಮ್ಮ ನಿಮ್ಮ ಹೆಸ್ರು. ಇವ್ರು ಮರೆತಿರ್ಬೇಕು” ಎಂದು ಮಾವ ಅಪ್ಪಣೆ ಕೊಟ್ಟರು. ಸಾಲಾಗಿ ಕೂತವರು ಒಬ್ಬೊಬ್ಬರೇ ಹೇಳಿದರು. ವೆಂಕಪ್ಪ. ಶಿವಪ್ಪ. ಶ್ರೀಧರ. ಶ್ರೀಧರ. ಶ್ರೀಧರಮೂರ್ತಿ. ಷಣ್ಮುಖಪ್ಪ. ಸುಬ್ಬಣ್ಣ. ಕೊನೆಗೆ ಎದೆ ತಟ್ಟಿಕೊಂಡು, ಹಿರಿಯಣ್ಣ. ನನ್ನ ಕಿವಿಯಲ್ಲಿ ಒಂದನೇ ಕ್ಲಾಸಿನ ರಾಗ ಕೇಳಿಸಿತು. ವ ಶ ಷ ಸ ಹ! “ಕಾಫಿ ಕುಡೀತಿರಿ, ಬಂದೆ” ಎಂದು ಸೈಕಲ್ಲು ಹತ್ತಿ ಆಫೀಸಿಗೆ ಓಡಿದೆ. ಭಟ್ಟರ ಕೈಯಿಂದ ಬೀಗ ತೆಗೆಸಿ, ಯಂತ್ರವನ್ನು ಎಬ್ಬಿಸಿ, ನಿನ್ನ ಸಾಲಿನಲ್ಲಿ ಯಾವುದಾದ ಮೇಲೆ ಯಾವುದು, ತೋರಿಸು ಎಂದೆ. ತೋರಿಸಿತು. ಯ ಆಯಿತು, ರ ಆಯಿತು, ಲ ಆಯಿತು. ಲ ಆದ ಮೇಲೆ, ವ ಬರಬೇಕಾದ ಜಾಗದಲ್ಲಿ, ನಮ್ಮ ಳ ಹಲ್ಲು ಕಿರಿಯುತ್ತ ಕೂತಿತ್ತು! ವ ಶ ಷ ಸ ಹ ಎಲ್ಲ ಅದರ ಆಚೆ. ಯಂತ್ರ ಮಾಡಿದ ಮಹಾನುಭಾವರು ಲ ಇದ್ದಲ್ಲೇ ಳ ಇರಲಿ ಎಂದು ಪಕ್ಕಪಕ್ಕ ಕೂರಿಸಿದ್ದರು. ನಾನು ಳ ವರೆಗೆ ಎಂದು ಬಾಗಿಲು ಹಾಕಿದ್ದೆ.

ಮರಳಿ ಬಂದು ಇದನ್ನು ದಂಡಿಗೆ ವಿವರಿಸಿದೆ. ಕಂಸ, ಗೆರೆ, ಸಾಲು ಎಂದು ಕೈಯಲ್ಲೇ ಬರೆದು ತೋರಿಸಿದೆ. ಹೇಳುತ್ತ ಹೇಳುತ್ತ ನನಗೇ ಗೊಂದಲವಾಯಿತು. ಶ್ರೀಧರರು ಮುಖ ಮುಖ ನೋಡಿಕೊಂಡರು. ಮಾವ ಅಡಿಕೆ ಕತ್ತರಿಸುತ್ತ ಕೇಳಿದರು, “ಅಂದ್ರೆ, ಪಂಕ್ತಿಲಿ ಕಡೆಗೆ ಕೂತವನನ್ನ ಎಬ್ಬಿಸಿ ಯಾರೋ ಮಧ್ಯಕ್ಕೆ ಕೂರ್ಸಿದ್ರು. ನೀನು ಅವನ ಮುಖ ನೋಡಿ ಪಂಕ್ತಿ ಮುಗೀತು ಅಂತ ಪಾಯಸದ ಬೋಗುಣಿ ಒಳಗೆ ಇಟ್ಟಿ. ಅಷ್ಟೇನಾ?”

“ಅಷ್ಟೇ ಮಾವ” ಎಂದೆ.

“ಹಂಗಂತ ಮೊದಲೇ ಹೇಳಕ್ಕೇನಾಗಿತ್ತು?” ಎಂದರು. ‘ನೀವು’ ಹೋಗಿ ‘ನೀನು’ ಬಂದಿದ್ದನ್ನು ಗಮನಿಸಿ ಸರೋಜ ಒಳಗೆ ಕಾಯಿ ತುರಿಯಲು ಕೂತಳು.

ಈಗ ಉಳಿದವರಿಗೆಲ್ಲ ಕಾಗದ ಹಾಕಲು ಸಮಯವಿರಲಿಲ್ಲ. ಹಾಕಿದರೂ ಪ್ರಯೋಜನವಿರಲಿಲ್ಲ, ಒಮ್ಮೆ ಬಿಟ್ಟವರನ್ನು ಮತ್ತೆ ಕಾಗದದಲ್ಲಿ ಕರೆದರೆ ಗಾಯದ ಮೇಲೆ ಬರೆ. ಮನೆಮನೆಗೆ ಹೋಗಿಯೇ ಕರೆಯಬೇಕೆಂದು ನನ್ನ ಹಿಂದೆಯೇ ಬಂದಿದ್ದ ಭಟ್ಟರು ಹೇಳಿದಾಗ ನಾನು ಕಾಫಿ ಲೋಟ ಎತ್ತಿಡುವ ನೆಪದಲ್ಲಿ ಒಳಗೆ ಹೊರಟೆ. “ಇವನನ್ನ ಒಬ್ಬನೇ ಕಳಿಸಿದ್ರೆ ಇದ್ದ ಸದಸ್ಯರೂ ರಾಜೀನಾಮೆ ಕೊಡ್ತಾರೆ. ನಾನೂ ಬರ್ತೀನಿ” ಎಂದರು ಮಾವ. ಅಲ್ಲಿಂದ ಶುರು ನಮ್ಮ ದಿಗ್ವಿಜಯ. ಸಂಘದ ಜೀಪಿನಲ್ಲಿ ಹೊಸನಗರ ಸುತ್ತಿದೆವು, ತೀರ್ಥಹಳ್ಳಿ ಸುತ್ತಿದೆವು, ಮೇಗರವಳ್ಳಿಯ ಒಬ್ಬ ಹೂವಪ್ಪನಿಗಾಗಿ ಜೀಪು ಹೋಗದ ದಾರಿಯಲ್ಲಿ ನಡೆದೂ ಹೋದೆವು. ಪ್ರತಿ ಮನೆಯಲ್ಲೂ ನಾನು ಬಾಯಿ ತೆರೆದ ಕೂಡಲೇ ಮಾವ ಮೊಣಕೈಯಿಂದ ತಿವಿಯುವರು. “ಕೂತ್ಕೋ ಮೊದ್ಲು. ನೀರು ಕುಡಿ. ಆಮೇಲೆ ದನದ ವಿಚಾರ ಕೇಳು” ಎಂದು ಪಿಸುಗುಡುವರು. ದನವೇ ಇಲ್ಲದ ಮನೆಯಲ್ಲೂ ಕೇಳಿ ಪೇಚಿಗೆ ಸಿಕ್ಕಿದ್ದುಂಟು. ಬೆಲ್ಲ ತಿಂದು ತಿಂದು ಹಲ್ಲು ನೋವು ಬಂತು. ಆದರೂ ಹೂವಪ್ಪನ ಮನೆಯಲ್ಲಿ ಎದ್ದು ಹೊರಡುವಾಗ, ‘ಹಾಂ’ ಎಂದು ಹಣೆ ಮುಟ್ಟಿಕೊಂಡು ನಾನು ಹೇಳಿದ ಕರೆ ಎಷ್ಟು ಸಹಜವಾಗಿತ್ತೆಂದರೆ ಮಾವ ತಿವಿಯಲೆತ್ತಿದ ಮೊಣಕೈ ಇಳಿಸಿದರು. ಆಮೇಲೆ, “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದು ಬಂಗಾರದ ಪದಕ. ದಿನವೂ ಸಂಜೆ ತಿರುಗಿ ನಮ್ಮ ಮನೆಗೇ ಬಂದು, ಜಗಲಿಯಲ್ಲಿ ಕಾಲು ಚಾಚಿ, ಎಲೆಗೆ ಸುಣ್ಣ ಹಚ್ಚುವರು. ಸರೋಜ ಏನೇನೋ ನೆಪ ಮಾಡಿಕೊಂಡು ಬೇಲಿಯ ಹತ್ತಿರ ಹೋಗಿ ಪಕ್ಕದ ಮನೆಯವಳನ್ನು ಮಾತಾಡಿಸಿ ಬರುವಳು.

ಬೆಳ್ಳಿಹಬ್ಬದ ಹಿಂದಿನ ದಿನ ಹೊಸ ಸುದ್ದಿ ಬಂತು. ಅ ದಿಂದ ಳ ವರೆಗಿನವರು ಮುನಿಸಿಕೊಂಡಿದ್ದಾರೆ! ವ ದಿಂದ ಹ ದವರನ್ನು ಮನೆಗೆ ಹೋಗಿ, ಕೂತು, ನೀರು ಕುಡಿದು ಕರೆದರಂತೆ; ನಮಗೆ ಬರೀ ಕಾಗದ ಬಿಸಾಕಿದರಂತೆ. ಸುಬ್ಬಣ್ಣನ ಮನೆಯಲ್ಲಿ ಅತ್ತಿಗೆಯ ಒಲೆ ಆರಿ ಈಗ ನಾಗಣ್ಣನ ಹೆಂಡತಿಯ ಒಲೆ ಬೇರೆ ಉರಿಯುತ್ತಿದೆಯಂತೆ. ಅಧ್ಯಕ್ಷರಾದ ಗಣಪತಿ ಹೆಗಡೆಯವರೇ ನನ್ನನ್ನು ನೋಡಿ, “ನನಗೂ ಕಾಗದವೇ ಬಂದದ್ದು” ಎಂದು ಬೇರೆ ಕಡೆ ಮುಖ ತಿರುಗಿಸಿದರು. ಹಬ್ಬದ ದಿನ ಬೆಳಗಾಗುತ್ತಲೇ ಸೈಕಲ್ಲು ತೆಗೆದುಕೊಂಡು ಪೇಟೆಯಲ್ಲಿದ್ದ ಅ ದಿಂದ ಳ ವರೆಗಿನವರ ಮನೆಗಳಿಗೆಲ್ಲ ನುಗ್ಗಿ, ಕೂತು, ಕುಡಿದು, ಕೇಳಿ, ಕರೆದು, ಬೆವರು ಸುರಿಸಿಕೊಂಡು ಮನೆಗೆ ಬಂದೆ.

ಮಾವ ಇಸ್ತ್ರಿಯ ಪಂಚೆ ಉಟ್ಟು ಜಗಲಿಯಲ್ಲಿ ತಯಾರಾಗಿ ಕೂತಿದ್ದರು. ಸರೋಜ ಮಾತ್ರ ಹಳೆಯ ಸೀರೆಯಲ್ಲೇ ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಇದೇನೆ? ಹೊರಡು, ಹೊತ್ತಾಯ್ತು!” ಎಂದೆ.

“ಎಲ್ಲಿಗೆ?” ಎಂದಳು ಮೊರದಿಂದ ತಲೆಯೆತ್ತದೆ. “ಮೂರು ತಾಲೂಕಿನ ಹೆಂಗಸರಿಗೆಲ್ಲ ಮನೆಗೆ ಹೋಗಿ ಹೇಳಿ ಬಂದ್ರಂತೆ. ನನ್ನ ಯಾರು ಕರೆದ್ರು?”

ನಾನು ಮಾವನ ಕಡೆ ನೋಡಿದೆ. ನನ್ನ ಗುರುಗಳು ಸುಣ್ಣದ ಡಬ್ಬಿ ಮುಚ್ಚಿ, “ಅವಳು ಕೇಳಿದ್ದು ನ್ಯಾಯ. ನಿಂತ್ಕೊಂಡು ಹೇಳ್ಬೇಡ ಮತ್ತೆ. ಕೂತ್ಕೋ” ಎಂದರು.

ಕೂತೆ. ನನ್ನದೇ ಮನೆಯಲ್ಲಿ, ನನ್ನದೇ ಚಾಪೆಯ ಮೇಲೆ ನೆಂಟನಂತೆ ಕೂತೆ. ಸರೋಜ ಗಂಭೀರವಾಗಿ ಬೆಲ್ಲ ನೀರು ತಂದಿಟ್ಟಳು. ಹಲ್ಲುನೋವಿನಲ್ಲೇ ಕುಡಿದೆ. ದನ ಕರು ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದಳು, ನಮಗೆ ದನವಿರಲಿಲ್ಲ. ಅವಳ ಅಪ್ಪಯ್ಯನ ಆರೋಗ್ಯ ಕೇಳಿದೆ. “ಈಗ ಪರವಾಗಿಲ್ಲ, ಇಲ್ಲೇ ಇದಾರೆ” ಎಂದಳು. ಆಮೇಲೆ ಎದ್ದು, ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟು, ಹಾಂ ಎಂದು ತಿರುಗಿ ಹೇಳಿದೆ, “ಇವತ್ತು ನಮ್ಮ ಸಂಘದಲ್ಲೊಂದು ಸಣ್ಣ ಕಾರ್ಯ ಇದೆ. ಮನೆಗೆ ಬೀಗ ಹಾಕ್ಕೊಂಡು ಎಲ್ರೂ ಬರ್ಬೇಕು.”

“ನೋಡೋಣ,” ಎಂದಳು ಸರೋಜ. “ನಮ್ಮ ಯಜಮಾನ್ರಿಗೆ ಪುರುಸೊತ್ತು ಆದ್ರೆ ಬರ್ತೀವಿ.”

ಯಜಮಾನರಿಗೆ ಪುರುಸೊತ್ತಿದೆ ಎಂದು ನಾನೇ ಹೇಳಬೇಕಾಯಿತು.